ಶರತ್ಕಾಲೀನ ಕುಂಬಳ ಬಾರ್ ಮೀಮಾಂಸೆ

ಅಮೆರಿಕದ ಮಧ್ಯಪಶ್ಚಿಮ ಸೀಮೆಯಲ್ಲಿ, ಅಂದರೆ ಇಲಿನಾಯ್, ವಿಸ್ಕಾನ್ಸಿನ್, ಅಯೋವಾ, ಮಿನೆಸೋಟ ಮುಂತಾದ ರಾಜ್ಯಗಳಲ್ಲಿ, ವರ್ಷಕ್ಕೊಮ್ಮೆ ಮನೆಮನೆಯಲ್ಲೂ ಒಂದು ಸಿಹಿ ಬೇಯುತ್ತದೆ. ಸಿಹಿಗುಂಬಳದ ತಿರುಳು, ಮೈದಾ, ಸಕ್ಕರೆ, ಮೊಟ್ಟೆ, ಎಣ್ಣೆ, ಚಕ್ಕೆಪುಡಿ ಕಲಸಿ, ಅಗಲವಾದ ಟ್ರೇಗೆ ಸುರಿದು, ಓವನ್ನಿನಲ್ಲಿ ಬೇಯಿಸಿ, ಆರಿದ ಮೇಲೆ ಕ್ರೀಮ್ ಚೀಸ್ ಬಳಿದು ಚೌಕಚೌಕವಾಗಿ ಕತ್ತರಿಸಿದರೆ ಅದು ಪಂಪ್ಕಿನ್ ಬಾರ್. ತಿಂದವರು ಅಸಂಖ್ಯ, ಚಿಂತಿಸಿದವರು ವಿರಳ. ಅಡುಗೆ ಪುಸ್ತಕಗಳು ಅದನ್ನು ಹೇಗೆ ಮಾಡಬೇಕೆಂದು ಹೇಳಿ ಸುಮ್ಮನಾಗುತ್ತವೆ. ಏಕೆ ಮಾಡಬೇಕು, ಮಾಡದಿದ್ದರೆ ಬ್ರಹ್ಮಾಂಡಕ್ಕೆ ಏನಾದೀತು ಎಂಬ ಮೂಲಭೂತ ಪ್ರಶ್ನೆಗಳ ಕಡೆ ಯಾವ ಪಾಕಶಾಸ್ತ್ರಜ್ಞರೂ ಮುಖ ಹಾಕಿಲ್ಲ. ಆ ಕೊರತೆಯನ್ನು ನೀಗಲೆಂದೇ ಈ ಪ್ರಬಂಧ.

ನನ್ನ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಶರತ್ಕಾಲ ಬಂತೆಂದು ಜನ ಕುಂಬಳ ಬಾರ್ ಬೇಯಿಸುತ್ತಾರೆ ಎಂಬುದು ಲೋಕದ ನಂಬಿಕೆ. ಇದು ಬರೀ ಭ್ರಮೆ. ಜನ ಕುಂಬಳ ಬಾರ್ ಬೇಯಿಸುವುದರಿಂದಲೇ ಶರತ್ಕಾಲ ಬರುತ್ತದೆ. ವಿಷಯದ ಘನತೆಗೆ ತಕ್ಕಂತೆ ಪೂರ್ವಮೀಮಾಂಸಕರ ಜಾಡನ್ನೇ ಹಿಡಿದು ಅಧಿಕರಣಗಳನ್ನು ಏರ್ಪಡಿಸಿದ್ದೇನೆ. ಅವಸರದವರು ನೇರವಾಗಿ ತಿನ್ನುವ ಭಾಗಕ್ಕೆ ಹೋಗಬಹುದು. ಅಂಥವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ ಎಂಬುದು ಬೇರೆ ಮಾತು.

ಮೊದಲು ಕಾಲಾಧಿಕರಣ. ಖಗೋಳಶಾಸ್ತ್ರಜ್ಞರ ಲೆಕ್ಕದಲ್ಲಿ ಉತ್ತರ ಗೋಳಾರ್ಧದ ಶರತ್ಕಾಲ ಶುರುವಾಗುವುದು ಸೆಪ್ಟೆಂಬರ್ 22 ಅಥವಾ 23ಕ್ಕೆ, ಹಗಲು ರಾತ್ರಿ ಸಮವಾಗುವ ದಿನ. ಕ್ಷೇತ್ರಕಾರ್ಯದಲ್ಲಿ ಕಂಡದ್ದೇ ಬೇರೆ. ಸ್ಟಾರ್‌ಬಕ್ಸ್ 2003ರಲ್ಲಿ ಹುಟ್ಟುಹಾಕಿದ ಪಂಪ್ಕಿನ್ ಸ್ಪೈಸ್ ಲ್ಯಾಟೆ ಈಗೀಗ ಆಗಸ್ಟ್ ಮುಗಿಯುವುದರೊಳಗೇ ಅಂಗಡಿಗೆ ಬಂದಿರುತ್ತದೆ. ಜಗತ್ತಿನ ಕುಂಬಳ ರಾಜಧಾನಿ ಎಂಬ ಬಿರುದನ್ನು ತಾನೇ ಧರಿಸಿರುವ ಇಲಿನಾಯ್‌ನ ಮಾರ್ಟನ್ ಊರು ತನ್ನ ಕುಂಬಳ ಜಾತ್ರೆಯನ್ನು ಸೆಪ್ಟೆಂಬರ್ ನಡುವಿನಲ್ಲೇ ನಡೆಸಿಬಿಡುತ್ತದೆ. ಟೆಕ್ಸಸ್, ಅರಿಜೋನಾಗಳಲ್ಲಂತೂ ಹೊರಗೆ ಟಾರು ಕರಗುವ ಬಿಸಿಲಿರುವಾಗ ಗೃಹಸ್ಥರು ಏಸಿ ಹಾಕಿಕೊಂಡು, ಅದರ ಚಳಿಗೆ ಸ್ವೆಟರ್ ತೊಟ್ಟು, ಓವನ್ ಹಚ್ಚುತ್ತಾರೆ. ಬಾರ್ ಮೊದಲು, ಋತು ಆಮೇಲೆ. ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕೆಂದು ತರ್ಕಶಾಸ್ತ್ರದ ಮೊದಲ ಪಾಠ ಓದಿದವರೂ ಬಲ್ಲರು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು, ಅದಕ್ಕೆ ಇಷ್ಟೊಂದು ಶಾಸ್ತ್ರ ಯಾಕೆ ಎನ್ನುತ್ತಾನೆ. ಉತ್ತರ ಸುಲಭ. ಆ ಕಾಗೆ ಕೂರುವುದಕ್ಕೆ ಮುಂಚೆ ಓವನ್ನನ್ನು 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿಟ್ಟುಕೊಂಡಿರಲಿಲ್ಲ. ಸಂಕಲ್ಪ ಮಾಡಿ ಕೈಗೊಂಡ ಕರ್ಮಕ್ಕೂ ಹಕ್ಕಿಯ ಮರ್ಜಿಗೂ ಅಂತರವುಂಟು. ಸಸ್ಯಶಾಸ್ತ್ರಜ್ಞರೋ, ಹಗಲು ಕುಗ್ಗಿ ಮೇಪಲ್ ಎಲೆಯ ಪತ್ರಹರಿತ್ತು ಒಡೆದುಹೋಗುತ್ತದೆ, ಒಳಗೆ ಮೊದಲೇ ಇದ್ದ ಕೆರೊಟಿನಾಯ್ಡುಗಳ ಹಳದಿ, ಕಿತ್ತಳೆ ಬಣ್ಣ ಆಗ ಕಾಣುತ್ತದೆ ಎಂದು ವಾದಿಸುತ್ತಾರೆ. ಸಂತೋಷ. ಕುಂಬಳದ ತಿರುಳಿಗೆ ಬಣ್ಣ ಕೊಟ್ಟಿರುವುದೂ ಕೆರೊಟಿನಾಯ್ಡುಗಳೇ. ಹಾಗಾದರೆ ಯಾರು ಯಾರನ್ನು ನೋಡಿ ಬಣ್ಣ ಕಲಿತರು? ಬಾರ್ ಆಗಸ್ಟಿನಲ್ಲೇ ಕಿತ್ತಳೆಯಾಗಿತ್ತು; ಎಲೆ ಅಕ್ಟೋಬರ್‌ವರೆಗೆ ಕಾದಿತು.

ಋತುವಿನ ಮುಕ್ತಾಯವೂ ನನ್ನ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. 1863ರಲ್ಲಿ ಅಬ್ರಹಾಂ ಲಿಂಕನ್ ಘೋಷಿಸಿದ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರವೇ ಆಚರಿಸಬೇಕೆಂದು ಅಮೆರಿಕದ ಸಂಸತ್ತು 1941ರಲ್ಲಿ ಕಾನೂನು ಮಾಡಿತು. ಆ ಗುರುವಾರ ರಾತ್ರಿ ಕುಂಬಳದ ಕೊನೆಯ ತುಣುಕು ಹೊಟ್ಟೆ ಸೇರಿದರೆ ಶುಕ್ರವಾರ ಬೆಳಗ್ಗೆ ಅಂಗಡಿಗಳ ತುಂಬ ಪೆಪ್ಪರ್‌ಮಿಂಟು. ಸೂರ್ಯ ಇನ್ನೂ ಡಿಸೆಂಬರ್ 21ರ ಯೋಚನೆಯಲ್ಲಿರುವಾಗಲೇ ಶರತ್ಕಾಲಕ್ಕೆ ಗಂಟುಮೂಟೆ ಕಟ್ಟಿಸಿ ಆಗಿರುತ್ತದೆ. ಸಂಸತ್ತಿನ ಕಾಯಿದೆಯಿಂದ ಮುಗಿಯುವ ಋತು ಓವನ್ನಿನಿಂದ ಶುರುವಾದರೆ ಆಶ್ಚರ್ಯವೇನು?

ಇನ್ನು ದ್ರವ್ಯಾಧಿಕರಣ. ಇದು ತುಸು ಸೂಕ್ಷ್ಮ, ಸ್ವಲ್ಪ ನಾಜೂಕು. ಕುಂಬಳ ಬಾರ್‌ನಲ್ಲಿ ಕುಂಬಳವಿದೆಯೇ ಎಂಬುದು ಪ್ರಶ್ನೆ. ಅಮೆರಿಕನ್ನರು ಅಕ್ಟೋಬರ್ 31ಕ್ಕೆ ಕಣ್ಣು, ಮೂಗು, ಹಲ್ಲು ಕೆತ್ತಿ ಒಳಗೆ ದೀಪವಿಟ್ಟು ಮೆಟ್ಟಿಲ ಮೇಲೆ ಕೂರಿಸುವ ಗುಂಡನೆಯ ಕಾಯಿ ಇದೆಯಲ್ಲ, ಅದು ನೀರುನೀರು, ನಾರುನಾರು. ದೀಪಕ್ಕೆ ಯೋಗ್ಯ, ಪಾಕಕ್ಕೆ ಅಯೋಗ್ಯ. ಬಾರ್‌ಗೆ ಬಳಸುವುದು ಡಬ್ಬಿಯ ಕುಂಬಳ. ಅಲ್ಲಿ ಮಾರಾಟವಾಗುವ ಡಬ್ಬಿ ಕುಂಬಳದ ಬಹುಪಾಲು ಮೇಲೆ ಹೇಳಿದ ಮಾರ್ಟನ್ ಊರಿನ ಲಿಬ್ಬೀಸ್ ಕಾರ್ಖಾನೆಯಿಂದ ಬರುತ್ತದೆ. ಅದರೊಳಗಿನದು ಡಿಕಿನ್ಸನ್ ಎಂಬ ತಳಿ. ಕಿತ್ತಳೆಯೂ ಅಲ್ಲ, ಗುಂಡಗೂ ಇಲ್ಲ, ಮಾಸಲು ಕಂದು ಬಣ್ಣದ ನೀಳ ಕಾಯಿ. ಮೆಟ್ಟಿಲ ಮೇಲಿನ ಕುಂಬಳ ಕುಕುರ್ಬಿಟಾ ಪೆಪೊ, ಇದು ಕುಕುರ್ಬಿಟಾ ಮೊಸ್ಕಾಟಾ. ಸಂಬಂಧದಲ್ಲಿ ಬಟರ್‌ನಟ್ ಸ್ಕ್ವಾಷ್‌ಗೆ ಹತ್ತಿರ. ಹೊನ್ನಿನ ಬಣ್ಣದ ತಿರುಳಿನ, ಗಟ್ಟಿ ಸಿಪ್ಪೆಯ ಸಿಹಿ ಸ್ಕ್ವಾಷ್‌ ಅನ್ನು ಡಬ್ಬಿಗೆ ತುಂಬಿ ಪಂಪ್ಕಿನ್ ಎಂದು ಚೀಟಿ ಅಂಟಿಸಿದರೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯ ತಕರಾರೇನೂ ಇಲ್ಲ.

ಇದನ್ನು ಮೋಸ ಎನ್ನುವವರು ಮೀಮಾಂಸೆಯನ್ನು ಸರಿಯಾಗಿ ಓದಿಲ್ಲ. ಯಾಗಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕವನ್ನು ಬಳಸಬಹುದೆಂದು ನಮ್ಮ ಹಿರಿಯರು ಎಂದೋ ತೀರ್ಮಾನಿಸಿದ್ದಾರೆ. ಇದೇ ಪ್ರತಿನಿಧಿ ನ್ಯಾಯ. ಡಿಕಿನ್ಸನ್ ಎಂಬುದು ಪೂತೀಕ. ಲ್ಯಾಟೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2015ರವರೆಗೂ ತಮ್ಮ ಪಂಪ್ಕಿನ್ ಪೇಯಕ್ಕೆ ಕುಂಬಳವನ್ನೇ ಹಾಕುತ್ತಿರಲಿಲ್ಲ. ನಿರ್ಗುಣೋಪಾಸನೆಯ ಉತ್ತುಂಗ ಅದು. ಭಕ್ತರಿಗೆ ಮಾತ್ರ ಎಂದೂ ಕೊರತೆ ಕಂಡಿರಲಿಲ್ಲ.

ಕಂಡದ್ದು ಮಸಾಲೆಯ ಘಮ. ಮೆಕಾರ್ಮಿಕ್ ಕಂಪನಿ 1934ರಲ್ಲಿ ಪಂಪ್ಕಿನ್ ಪೈ ಸ್ಪೈಸ್ ಎಂದು ಚಕ್ಕೆ, ಶುಂಠಿ, ಜಾಯಿಕಾಯಿ ಮುಂತಾದವನ್ನು ಒಂದೇ ಡಬ್ಬಿಗೆ ಹಾಕಿ ಮಾರತೊಡಗಿದ ಮೇಲೆ ಅಮೆರಿಕನ್ನರ ಮೂಗಿಗೆ ಕುಂಬಳವೆಂದರೆ ಇದೇ ವಾಸನೆ. ಅದಕ್ಕೂ ಹಿಂದೆ, 1796ರಲ್ಲಿ ಅಮೀಲಿಯಾ ಸಿಮನ್ಸ್ ಬರೆದ ಅಡುಗೆ ಪುಸ್ತಕದ ಕುಂಬಳ ಪುಡ್ಡಿಂಗಿನಲ್ಲೂ ಶುಂಠಿ, ಜಾಯಿಕಾಯಿ, ಜಾಪತ್ರೆ ಇದ್ದವು. ಈ ಜಾಯಿಕಾಯಿ ಸಾಮಾನ್ಯದ್ದಲ್ಲ. ಬಾಂಡಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಕಾಲದಲ್ಲಿ, 1667ರ ಬ್ರೆಡಾ ಒಪ್ಪಂದದಂತೆ, ಡಚ್ಚರು ಅಲ್ಲಿನ ರನ್ ಎಂಬ ಪುಟ್ಟ ದ್ವೀಪವನ್ನು ಉಳಿಸಿಕೊಂಡು ಮ್ಯಾನ್‌ಹ್ಯಾಟನ್ ಅನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಇಂದು ಅದೇ ಮ್ಯಾನ್‌ಹ್ಯಾಟನ್ನಿನಲ್ಲಿ ಕಾಲು ಚಮಚ ಜಾಯಿಕಾಯಿ ಪುಡಿಯನ್ನು ಬಟ್ಟಲಿಗೆ ಉದುರಿಸುವವರಿಗೆ ತಾವು ಎಂಥ ವ್ಯಾಪಾರದ ಬಾಕಿ ಚುಕ್ತಾ ಮಾಡುತ್ತಿದ್ದೇವೆಂಬ ಅರಿವಿಲ್ಲ. ಮೇಲೆ ಬಳಿಯುವ ಫಿಲಡೆಲ್ಫಿಯಾ ಕ್ರೀಮ್ ಚೀಸ್ ಕೂಡ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಹೀಗೆ ಬಾರ್‌ನ ಪ್ರತಿಯೊಂದು ದ್ರವ್ಯವೂ ತಾನಲ್ಲದ್ದನ್ನು ತಾನೆಂದು ಹೇಳಿಕೊಳ್ಳುತ್ತದೆ. ಸಕ್ಕರೆಯೊಂದೇ ಸತ್ಯವಂತ, ಅದೂ ಅತಿಯಾಗಿ.

ವ್ಯತಿರೇಕದ ಉದಾಹರಣೆಯೂ ನಮ್ಮ ಅದೃಷ್ಟಕ್ಕೆ ದೊರೆತಿದೆ. 2009ರಲ್ಲಿ ಇಲಿನಾಯ್‌ನಲ್ಲಿ ಕುಯ್ಲಿನ ಹೊತ್ತಿಗೆ ವಿಪರೀತ ಮಳೆ ಸುರಿದು ಕುಂಬಳ ಹೊಲದಲ್ಲೇ ಕೊಳೆಯಿತು. ಅಂಗಡಿಗಳ ಕಪಾಟು ಬರಿದಾಯಿತು. ಆದರೂ ಶರತ್ಕಾಲ ಬಂತಲ್ಲ ಎಂದು ಪೂರ್ವಪಕ್ಷಿ ಕೈತಟ್ಟಿ ನಗಬಹುದು. ಗೆಣಸಿದೆಯಲ್ಲವೇ? ಪೂತೀಕಕ್ಕೂ ಪೂತೀಕ ಇರಬಾರದೆಂದು ಯಾವ ಶಾಸ್ತ್ರ ಹೇಳಿದೆ?

ಪಾಠಾಧಿಕರಣಕ್ಕೆ ಬರೋಣ. ಕುಂಬಳ ಬಾರ್‌ಗೆ ಶುದ್ಧ ಪ್ರತಿ ಇನ್ನೂ ಸಿದ್ಧವಾಗಿಲ್ಲ ಎಂಬುದು ಗ್ರಂಥಸಂಪಾದಕರು ತಲೆತಗ್ಗಿಸಬೇಕಾದ ವಿಷಯ. ಲಭ್ಯ ಹಸ್ತಪ್ರತಿಗಳೆಲ್ಲ ಅಜ್ಜಿಯರ ಕೈಬರಹದಲ್ಲಿ, ಅಂಗೈಯಗಲದ ರಟ್ಟಿನ ಚೀಟಿಗಳ ಮೇಲೆ, ತಗಡಿನ ಪೆಟ್ಟಿಗೆಗಳಲ್ಲಿವೆ. ಕಾಲನಿರ್ಣಯಕ್ಕೆ ಆಂತರಿಕ ಪ್ರಮಾಣಗಳು ಎರಡು. ಕುಂಬಳದ ಡಬ್ಬಿ 16 ಔನ್ಸ್ ಎಂದಿದ್ದರೆ ಪ್ರತಿ ಪ್ರಾಚೀನ. 15 ಔನ್ಸ್ ಎಂದಿದ್ದರೆ ಕಂಪನಿಗಳು ಡಬ್ಬಿಯನ್ನು ಕುಗ್ಗಿಸಿದ ಮೇಲಿನದು, ಅರ್ವಾಚೀನ. ಬೆಣ್ಣೆಯ ಜಾಗದಲ್ಲಿ ಓಲಿಯೊ, ಅಂದರೆ ಮಾರ್ಗರಿನ್, ಎಂದಿದ್ದರೆ ಇನ್ನೂ ಹಳೆಯದು. ಅಂಥ ಚೀಟಿ ವಿಸ್ಕಾನ್ಸಿನ್‌ನಲ್ಲಿ ಸಿಕ್ಕರಂತೂ ಸಂಪಾದಕರ ರೋಮ ನೆಟ್ಟಗಾಗಬೇಕು. ಹಾಲು ಬೆಣ್ಣೆಯೇ ಬದುಕಾದ ಆ ರಾಜ್ಯ ಹಳದಿ ಬಣ್ಣದ ಮಾರ್ಗರಿನ್ ಮಾರಾಟವನ್ನು 1967ರವರೆಗೂ ನಿಷೇಧಿಸಿತ್ತು; ಜನ ಕಾರಿನಲ್ಲಿ ಗಡಿ ದಾಟಿ ಇಲಿನಾಯ್‌ಗೆ ಹೋಗಿ ತುಂಬಿಕೊಂಡು ಬರುತ್ತಿದ್ದರು. ಆ ಚೀಟಿ ಬರೀ ಪಾಕಪ್ರತಿಯಲ್ಲ, ಕಳ್ಳಸಾಗಣೆಯ ದಾಖಲೆ.

ಎಣ್ಣೆಯ ಪ್ರಮಾಣದಲ್ಲಿ ಪಾಠಾಂತರ ಬಹಳ. ಒಂದು ಕಪ್ ಎಂದು ಕೆಲವು, ಮುಕ್ಕಾಲು ಎಂದು ಕೆಲವು. ಇನ್ನುಳಿದವುಗಳಲ್ಲಿ ಸರಿಯಾಗಿ ಆ ಅಂಕಿಯ ಮೇಲೆಯೇ ಎಣ್ಣೆಯ ಕಲೆ ಬಿದ್ದು ಅಕ್ಷರ ಅಳಿಸಿದೆ. ನನ್ನ ಊಹೆಯಂತೆ ಆ ಕಲೆಯೇ ಮೂಲಪಾಠ. ಕಲೆ ದೊಡ್ಡದಿದ್ದಷ್ಟೂ ಎಣ್ಣೆ ಹೆಚ್ಚು.

ಕ್ರಿಯಾಧಿಕರಣದಲ್ಲಿ ಹೇಳುವುದು ಕಡಿಮೆ, ಮಾಡುವುದು ಹೆಚ್ಚು. ಡಬ್ಬಿಯ ಮುಚ್ಚಳ ತೆಗೆದು ಬೋರಲು ಹಿಡಿದರೆ ತಿರುಳು ಮೊದಲು ಬರುವುದಿಲ್ಲ. ಬುಡಕ್ಕೆ ಎರಡು ಪೆಟ್ಟು ಕೊಟ್ಟ ಮೇಲೆ ಪಚಕ್ಕನೆ ಜಾರಿ, ಡಬ್ಬಿಯ ಉಂಗುರದ ಗೆರೆಗಳನ್ನು ಮೈಮೇಲೆ ಹೊತ್ತೇ ಬಟ್ಟಲಲ್ಲಿ ನಿಲ್ಲುತ್ತದೆ. ಮೊಟ್ಟೆ ನಾಲ್ಕು, ಮೈದಾ ಎರಡು ಕಪ್, ಚಕ್ಕೆಪುಡಿ ಎರಡು ಚಮಚ, ಬೇಕಿಂಗ್ ಪೌಡರ್, ಸೋಡಾ, ಉಪ್ಪು. ಮೈದಾ ಬಿದ್ದ ಮೇಲೆ ತೀರಾ ಕಲಸಬಾರದು. ಗ್ಲೂಟನ್ ಎಳೆಗಟ್ಟಿ ಬಾರ್ ಹೋಗಿ ರಬ್ಬರ್ ಆಗುತ್ತದೆ. ಬೆಣ್ಣೆಯ ಬದಲು ಎಣ್ಣೆ ಯಾಕೆಂದರೆ ಫ್ರಿಜ್ಜಿನಲ್ಲಿಟ್ಟರೂ ಎಣ್ಣೆ ಗಟ್ಟಿಯಾಗುವುದಿಲ್ಲ, ಮರುದಿನವೂ ಬಾರ್ ಮೆತ್ತಗೇ ಇರುತ್ತದೆ. 10 ಇಂಚು ಅಗಲ, 15 ಇಂಚು ಉದ್ದದ ಟ್ರೇ, 25ರಿಂದ 30 ನಿಮಿಷ. ನಡುವೆ ಹಲ್ಲುಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ಪೂರ್ತಿ ಆರುವ ಮೊದಲೇ ಕ್ರೀಮ್ ಚೀಸ್ ಬಳಿದರೆ ಅದು ಕರಗಿ ನಾಲ್ಕೂ ಅಂಚಿಗೆ ಹರಿದು ನಿಲ್ಲುತ್ತದೆ. ತಾಳ್ಮೆಯಿಲ್ಲದವರಿಗೆ ಶಾಸ್ತ್ರ ಇದಕ್ಕಿಂತ ದೊಡ್ಡ ದಂಡನೆ ವಿಧಿಸಿಲ್ಲ.

ಮತಭೇದದ ಬಗ್ಗೆ ನಾಲ್ಕು ಮಾತು ಅನಿವಾರ್ಯ. ಎಲ್ಲ ದ್ರವ್ಯಗಳನ್ನೂ ಒಂದೇ ಹಿಟ್ಟಾಗಿ ಕಲಸಿ ಬೇಯಿಸುವವರು ಅದ್ವೈತಿಗಳು. ಮೇಲಿನ ಬಿಳಿ ಲೇಪ ಅವರಿಗೆ ಬರೀ ಉಪಾಧಿ, ಆದರೂ ಮೊದಲು ನೆಕ್ಕುವುದು ಅದನ್ನೇ. ಕೆಳಗೆ ಓಟ್ಸ್ ಅಥವಾ ಬೆಣ್ಣೆ ಮೈದಾದ ಗಟ್ಟಿ ತಳ, ಮೇಲೆ ಮೊಟ್ಟೆ ಹಾಲಿನ ಕುಂಬಳ ಪದರ, ಎರಡೂ ಎಂದೆಂದಿಗೂ ಬೇರೆ ಎನ್ನುವವರು ದ್ವೈತಿಗಳು. ಇವರಲ್ಲಿ ಪಂಚಭೇದವೂ ಉಂಟು, ಐದನೆಯದು ಪೀಕನ್ ಬೀಜ. ಕ್ರೀಮ್ ಚೀಸನ್ನು ಹಸಿ ಹಿಟ್ಟಿನ ಮೇಲೆ ಸುರಿದು ಚಾಕುವಿನ ತುದಿಯಿಂದ ಸುಳಿ ಎಬ್ಬಿಸುವವರು ವಿಶಿಷ್ಟಾದ್ವೈತಿಗಳು: ಬಿಳುಪು ಬೇರೆ ಕಾಣುತ್ತದೆ, ಬಿಡಿಸಲು ಬಾರದು. ಮೂವರೂ ಚರ್ಚಿನ ಒಂದೇ ಮೇಜಿಗೆ ಟ್ರೇ ತಂದಿಟ್ಟು, ಒಬ್ಬರದನ್ನೊಬ್ಬರು ರುಚಿ ನೋಡಿ, ತುಂಬ ಚೆನ್ನಾಗಿದೆ ಎನ್ನುತ್ತಾರೆ. ಅಲ್ಲಿ ವಾಕ್ಯಾರ್ಥ ಸಭೆ ನಡೆಯುವುದು ಕಾರು ಹತ್ತಿದ ಮೇಲೆ.

ತತ್ತ್ವದೃಷ್ಟಿಯಿಂದ ಅತ್ಯಂತ ಫಲವತ್ತಾದ ಪ್ರಶ್ನೆ ಕೊನೆಯ ತುಂಡಿನದು. ಆಫೀಸಿನ ಕಾಫಿ ಕೋಣೆಯಲ್ಲಿ ಇಟ್ಟ ಟ್ರೇಯಲ್ಲಿ ಒಂದೇ ಒಂದು ಚೌಕ ಉಳಿದಿದೆ ಎನ್ನಿ. ಮಧ್ಯಪಶ್ಚಿಮದ ಮರ್ಯಾದಸ್ಥರು ಕೊನೆಯದನ್ನು ಎತ್ತಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಚಾಕುವಿನಿಂದ ಅರ್ಧ ಕತ್ತರಿಸಿಕೊಂಡು ಹೋಗುತ್ತಾರೆ. ಮುಂದಿನವರು ಅರ್ಧದ ಅರ್ಧ. ಸಂಜೆ ಐದರ ಹೊತ್ತಿಗೆ ಟ್ರೇಯ ಮೂಲೆಯಲ್ಲಿ ಉಳಿಯುವುದು ಉಗುರಿನಷ್ಟಗಲದ ಒಂದು ಕಣ, ಅದರ ಮೇಲೂ ಚಾಕುವಿನ ಗುರುತು. ವಸ್ತುವನ್ನು ಒಡೆಯುತ್ತ ಹೋದರೆ ಮತ್ತೆ ಒಡೆಯಲಾಗದ ಪರಮಾಣು ಸಿಗುತ್ತದೆ ಎಂದ ಕಣಾದನಿಗೆ ಪ್ರಯೋಗಶಾಲೆ ಇರಲಿಲ್ಲ; ಡೆ ಮಾಯ್ನ್ ಊರಿನ ಗುಮಾಸ್ತರಿಗೆ ಇದೆ.

ಅಲ್ಲಿ ನೆಲೆಸಿದ ಕನ್ನಡಿಗರ ವಿಷಯ ಪ್ರತ್ಯೇಕ ಸಂಪುಟವನ್ನೇ ಬೇಡುತ್ತದೆ. ಕನ್ನಡ ಕೂಟದ ದೀಪಾವಳಿ ಊಟಕ್ಕೆ ಯಾರಾದರೂ ಕುಂಬಳ ಬಾರ್ ತಂದಿಟ್ಟರೆ ಮೊದಲು ಕೇಳಿಬರುವುದು ‘ರೀ, ಮೊಟ್ಟೆ ಹಾಕಿದೀರಾ?’ ಎಂಬ ಪ್ರಶ್ನೆ. ‘ಇಲ್ಲ ಕಣ್ರೀ, ಅಗಸೆ ಪುಡಿ ನೆನೆಸಿ ಹಾಕಿದೀನಿ, ಧಾರಾಳವಾಗಿ ತಗೊಳ್ಳಿ’ ಎಂಬ ಉತ್ತರದೊಂದಿಗೆ ಪ್ರತಿನಿಧಿ ನ್ಯಾಯ ಮತ್ತೊಂದು ಮೆಟ್ಟಿಲೇರುತ್ತದೆ. ಉತ್ತರ ಕರ್ನಾಟಕದ ಮನೆಯವರು ಅದೇ ಡಬ್ಬಿಯ ತಿರುಳಿಗೆ ಬೆಲ್ಲ, ಹಿಟ್ಟು ಸೇರಿಸಿ ಗಾರಿಗೆ ಕರಿಯುವುದೂ ಉಂಟು. ಮಾರ್ಟನ್ ಊರಿನ ಕಾರ್ಖಾನೆಯವರು ಇದನ್ನು ಕನಸಿನಲ್ಲೂ ಎಣಿಸಿರಲಾರರು.

ಕೊನೆಯ ಆಕ್ಷೇಪ ನಮ್ಮ ಕಡೆಯಿಂದಲೇ ಬರುತ್ತದೆ. ಕರ್ನಾಟಕದಲ್ಲಿ ಯಾರೂ ಕುಂಬಳ ಬಾರ್ ಬೇಯಿಸುವುದಿಲ್ಲ, ಇಲ್ಲಿಗೂ ಶರದೃತು ಬರುತ್ತದಲ್ಲ? ಬರುತ್ತದೆ. ಆದರೆ ಅದೇ ಆಶ್ವಯುಜದ ಆಯುಧಪೂಜೆಯ ದಿನ ಬೆಂಗಳೂರಿನ ರಸ್ತೆರಸ್ತೆಯಲ್ಲಿ ಕುಂಕುಮ ತುಂಬಿದ ಬೂದುಗುಂಬಳ ಒಡೆದು ಸ್ಕೂಟರಿನವರನ್ನು ಜಾರಿಸುವವರು ಯಾರು? ಗಾಂಧಿನಗರದವರು ಚಿತ್ರೀಕರಣ ಮುಗಿಯಿತೆಂದು ಸಾರಲು ಒಡೆಯುವುದು ಏನನ್ನು? ಕುಂಬಳಕ್ಕೆ ಒಂದು ಗತಿ ಕಾಣಿಸದೆ ಕಾಲ ಮುಂದಕ್ಕೆ ಸಾಗುವುದಿಲ್ಲ ಎಂಬ ವಿಧಿ ಎರಡೂ ಕಡೆ ಒಂದೇ. ಅವರು ಓವನ್ನಿಗೆ ಹಾಕುತ್ತಾರೆ, ನಾವು ರಸ್ತೆಗೆ ಹಾಕುತ್ತೇವೆ. ಸಿದ್ಧಾಂತ ಸ್ಥಾಪಿತವಾಯಿತು.

ಇಷ್ಟನ್ನೂ ಓದಿ ಬಾರ್ ಬೇಯಿಸಲು ಹೊರಟ ಅಮೆರಿಕವಾಸಿ ಓದುಗರಲ್ಲಿ ಒಂದು ವಿನಂತಿ. ಅಂಗಡಿಯ ಕಪಾಟಿನಲ್ಲಿ ಕುಂಬಳದ ಎರಡು ಬಗೆಯ ಡಬ್ಬಿಗಳು ಅಕ್ಕಪಕ್ಕ ಇರುತ್ತವೆ, ನೋಡಲು ಅವಳಿಜವಳಿ. ಪೈ ಮಿಕ್ಸ್ ಎಂದಿರುವುದರಲ್ಲಿ ಸಕ್ಕರೆ, ಮಸಾಲೆ ಮೊದಲೇ ಸೇರಿರುತ್ತವೆ. ಅದನ್ನು ತರಬೇಡಿ, ಬರೀ ತಿರುಳಿನ ಡಬ್ಬಿ ತನ್ನಿ.