ಮರ ಕೊಡುವ ಹಾಲು

ಹಾಲು, ಮೊಸರು, ತುಪ್ಪವನ್ನೆಲ್ಲ ಬಿಟ್ಟೂ ಬದುಕಬಹುದೆಂದು ಸಾರಲು ಇಂಗ್ಲೆಂಡಿನವರು 1944ರಲ್ಲಿ ವೀಗನ್ ಸೊಸೈಟಿಯನ್ನೇ ಕಟ್ಟಬೇಕಾಯಿತು. ಉಡುಪಿ ಬಳಿಯ ಉದ್ಯಾವರದ ಅಡುಗೆಮನೆಗೆ ಇದಕ್ಕೆ ಸಂಘವೂ ಬೇಕಿರಲಿಲ್ಲ, ಅಧ್ಯಕ್ಷರ ಭಾಷಣವೂ ಬೇಕಿರಲಿಲ್ಲ. ನೀರುದೋಸೆಗೆ ಅಕ್ಕಿ, ನೀರು, ಉಪ್ಪು. ಪತ್ರೊಡೆಗೆ ಕೆಸುವಿನೆಲೆ, ಅಕ್ಕಿ, ಹುಣಸೆಹುಳಿ. ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯುವ ಕಡುಬಿಗೆ ಅಕ್ಕಿ, ಉದ್ದು. 2011ರಲ್ಲಿ ಜಿಐ ಮಾನ್ಯತೆ ಪಡೆದ ಪಕ್ಕದ ಮಟ್ಟುವಿನ ಗುಳ್ಳ ಬದನೆಯೂ ಕೊದ್ದೆಲ್ ಸಾರಾಗುವಾಗ ಕೇಳುವುದು ಕಾಯಿಮಸಾಲೆ, ತೆಂಗಿನೆಣ್ಣೆಯ ಒಗ್ಗರಣೆ, ಅಷ್ಟೇ. ಕಡಲೆಬೇಳೆ ಪಾಯಸಕ್ಕೂ ಕಾಯಿಹಾಲೇ. ಇದು ಸಿದ್ಧಾಂತವಲ್ಲ, ಲೆಕ್ಕಾಚಾರ: ಇಲ್ಲಿಯ ಮಲೆನಾಡು ಗಿಡ್ಡ ಹಸು ಕೊಡುವ ಹಾಲು ಲೋಟದಷ್ಟು, ತೆಂಗಿನಮರ ಕೊಡುವುದು ಕೊಡದಷ್ಟು. ಮರ ಒದೆಯುವುದೂ ಇಲ್ಲ.

ತಂಬುಳಿಗೆ ಮಜ್ಜಿಗೆ ಬೇಡವೇ ಎಂದು ಯಾರಾದರೂ ಹುಬ್ಬೇರಿಸಬಹುದು. ಬೇಕು ನಿಜ, ಆದರೆ ಪುನರ್ಪುಳಿಯ ಹುಳಿಗೆ ಕಾಯಿಹಾಲು ಬೆರೆಸಿದರೆ ನಾಲಿಗೆ ತಕರಾರಿಲ್ಲದೆ ರಾಜಿಯಾಗುತ್ತದೆ. ತುಪ್ಪವಿಲ್ಲದ ಹೋಳಿಗೆಯ ಬಗ್ಗೆ ಅಜ್ಜಿಯಂದಿರ ಆಕ್ಷೇಪ ಇದಕ್ಕಿಂತ ಗಂಭೀರ. ಆ ಪ್ರಕರಣಕ್ಕೆ ಕಾಯಿಹಾಲನ್ನೇ ಜಾಮೀನು ಕೊಡಬೇಕು. ಮೊಸರನ್ನದ ಮುಂದೆ ಮಾತ್ರ ವಾದ ಸೋಲುತ್ತದೆ: ಶೇಂಗಾ ಹಾಲಿನ ಮೊಸರು ಮೊಸರಿನಂತೆ ಕಾಣುತ್ತದೆ, ಅದರ ಸಾಧನೆ ಅಲ್ಲಿಗೆ ಮುಗಿಯುತ್ತದೆ. ಇನ್ನು ಮೀನಿನ ಪ್ರಶ್ನೆ. ಮಲ್ಪೆ ಬಂದರು ಇಷ್ಟು ಹತ್ತಿರವಿರುವ ಊರಿನಲ್ಲಿ ವೀಗನ್ ಆಗಲು ಪಾಕಪುಸ್ತಕ ಸಾಲದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಕಿಟಕಿ ಮುಚ್ಚುವ ಧೈರ್ಯವೂ ಬೇಕು.