ಮಾವನ ತೋಳು, ಟಿ.ಟಿ. ಖಾತೆ

ನಮ್ಮ ಕಡೆ ಕಾಲಿಗೆ ಮೊಳೆ ಚುಚ್ಚಿಸಿಕೊಂಡವನಿಗೆ ನೋವು ಅನುಭವಿಸಲೂ ಪುರುಸೊತ್ತು ಕೊಡುವುದಿಲ್ಲ. “ಟಿ.ಟಿ. ತಗೊಂಡ್ಯಾ?” ಎಂದು ಅಡುಗೆಮನೆಯಿಂದ ಒಬ್ಬರು, ಕಾಂಪೌಂಡಿನಾಚೆಯಿಂದ ಇನ್ನೊಬ್ಬರು ಕೇಳುತ್ತಾರೆ. ಸಿಲಿಂಡರ್ ಇಳಿಸಲು ಬಂದವನೂ ಕೇಳುತ್ತಾನೆ. ಗಾಯವನ್ನು ಸೋಪು ನೀರಲ್ಲಿ ತೊಳೆ ಎನ್ನುವವರು ಮಾತ್ರ ಒಬ್ಬರೂ ಇಲ್ಲ.

ಮುಂದಿನ ಪ್ರಶ್ನೆ, “ಮೊಳೆ ತುಕ್ಕು ಹಿಡಿದಿತ್ತಾ?” ಪಾಪ, ತುಕ್ಕಿನದೇನೂ ತಪ್ಪಿಲ್ಲ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣು, ಸಗಣಿ, ಬೀದಿಯ ಧೂಳಿನಲ್ಲಿ ವರ್ಷಗಟ್ಟಲೆ ತೆಪ್ಪಗೆ ಬಿದ್ದಿರುತ್ತವೆ. ಗಾಳಿಯಾಡದ ಆಳದ ಗಾಯ ಸಿಕ್ಕಿತೋ, ಚಿಗುರಿಕೊಂಡು ವಿಷ ಕಾರುತ್ತವೆ. ದವಡೆ ಬಿಗಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅಂಗಡಿಯಿಂದ ತಂದ ಹೊಳೆಯುವ ಮೊಳೆಯೂ ಗೊಬ್ಬರದ ಗುಂಡಿಗೆ ಬಿದ್ದೆದ್ದರೆ ಅಷ್ಟೇ ಅಪಾಯ. ಕುಂಡದ ಗುಲಾಬಿ ಮುಳ್ಳಿಗೂ ಆ ತಾಕತ್ತಿದೆ. ಆದರೆ ಗುಲಾಬಿ ಚುಚ್ಚಿತೆಂದು ಆಸ್ಪತ್ರೆಗೆ ಓಡಿದರೆ ಮರ್ಯಾದೆ ಉಳಿಯುತ್ತದೆಯೇ?

ನನ್ನ ಸೋದರಮಾವನಿಗೆ ಇಂಥ ಸಂಕೋಚವಿಲ್ಲ. ಗಡ್ಡ ಹೆರೆಯುವಾಗ ಬ್ಲೇಡು ತಾಗಿದರೂ ಟಿ.ಟಿ., ಈಳಿಗೆಮಣೆ ತರಚಿದರೂ ಟಿ.ಟಿ. “ಒಂದು ಹೆಚ್ಚಾದ್ರೆ ಒಳ್ಳೇದೇ ಅಲ್ವೇನೋ?” ಎನ್ನುತ್ತಾನೆ. ತುಪ್ಪದ ವಿಷಯದಲ್ಲೂ ಅವನ ಸಿದ್ಧಾಂತ ಇದೇ. ಸೂಜಿ ಹಾಕಿದ ಮೇಲೆ ಕಾಲು ಗಂಟೆ ಕೂತಿರಿ ಅನ್ನುವುದು ತೀರಾ ಅಪರೂಪದ, ಆದರೆ ಜೀವಕ್ಕೇ ಬರುವ ಅಲರ್ಜಿಗೆ ಹೆದರಿ. ಮಾವ ಅದನ್ನು ಪೇಪರ್ ಓದಲು ಕೊಟ್ಟ ಸಮಯ ಎಂದುಕೊಂಡಿದ್ದಾನೆ.

ಎಲ್ಲರಿಗೂ ಆಗುವ ಹಾಗೆ ಒಂದೆರಡು ದಿನ ತೋಳು ನೋವು, ಸ್ವಲ್ಪ ಜ್ವರ ಅವನಿಗೂ ಮಾಮೂಲಿ. ಮೊನ್ನೆ ಮಾತ್ರ ಭುಜದಿಂದ ಮೊಣಕೈವರೆಗೆ ಕೆಂಪಗೆ ಊದಿಕೊಂಡಿತು. ಅತ್ತೆ ಗಾಬರಿಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ತೋಳು ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: “ಇದಕ್ಕೆ ಹಿಂದಿನದು ಯಾವಾಗ ರಾಯರೇ?”

ಮದುವೆಯ ವರ್ಷದ ಚಿನ್ನದ ರೇಟು ಪೈಸೆ ಸಮೇತ ಒಪ್ಪಿಸುವ ಮಾವ ಸೂರು ನೋಡತೊಡಗಿದ. “ನಮ್ಮ ಹಲಸಿನ ಮರ ಬಿತ್ತಲ್ಲ, ಆವಾಗ” ಎಂದಳು ಅತ್ತೆ. “ಅದು ನಾಯಿ ಪರಚಿದ್ದಕ್ಕೆ ಕಣೇ, ಮರದ್ದು ಬೇರೆ.” “ಮರದ್ದೇ ರೀ, ನೀವು ಕೊಂಬೆ ಎಳೆಯೋಕೆ ಹೋಗಿ...” ಹೀಗೆ ಕಾಲಗಣನೆ ಸಾಗಿತು. ಹೊರಗೆ ಕಾಯುತ್ತಿದ್ದವರೂ ಮರ ಬಿದ್ದ ವರ್ಷದ ಬಗ್ಗೆ ಅಭಿಪ್ರಾಯ ಕೊಡಲು ಸಿದ್ಧರಿದ್ದಂತೆ ಕಂಡಿತು.

ಡಾಕ್ಟರು ತಾಳ್ಮೆಯವರು. ಪದೇ ಪದೇ ಚುಚ್ಚಿಸಿಕೊಂಡರೆ ರಕ್ತದಲ್ಲಿ ಪ್ರತಿಕಾಯಗಳು ತುಂಬಿ ತುಳುಕುತ್ತವೆ, ಹೊಸ ಡೋಸು ಒಳಹೋದೊಡನೆ ಅಲ್ಲೇ ಮುತ್ತಿಕೊಂಡು ತೋಳು ಊದಿಸುತ್ತವೆ, ಇದಕ್ಕೆ ಆರ್ಥಸ್ ಪ್ರತಿಕ್ರಿಯೆ ಅನ್ನುತ್ತಾರೆ, ತಾನಾಗಿ ಇಳಿಯುತ್ತದೆ ಎಂದು ಸಮಾಧಾನ ಹೇಳಿದರು. ಮೊದಲ ಡೋಸುಗಳೆಲ್ಲ ಸರಿಯಾಗಿ ಆಗಿದ್ದವರಿಗೆ ಹತ್ತು ವರ್ಷಕ್ಕೊಂದು ಸಾಕಂತೆ. ಗಾಯ ಆಳವಾಗಿ, ಕೊಳಕಾಗಿದ್ದು, ಹಿಂದಿನದಕ್ಕೆ ಐದು ವರ್ಷ ದಾಟಿದ್ದರೆ ಇನ್ನೊಂದು. “ನಿಮಗೆ ಮಾತ್ರ ಐದರ ಲೆಕ್ಕವೂ ಬೇಡ. ಇನ್ನು ಹತ್ತು ವರ್ಷ ಟಿ.ಟಿ. ಹೆಸರೆತ್ತಬೇಡಿ.”

ಮಾವ ಸಪ್ಪಗಾದ. ಅಷ್ಟರಲ್ಲಿ ನರ್ಸಮ್ಮ ಬಾಯಿ ಹಾಕಿ, “ಈಗೆಲ್ಲಿದೆ ಸಾರ್ ಟಿ.ಟಿ.? ಗಂಟಲಮಾರಿಗೂ ಸೇರಿಸಿ ಟಿ.ಡಿ. ಅಂತ ಬರ್ತಿದೆ” ಎಂದರು. ಮಾವನ ಮುಖ ಅರಳಿತು.

“ಹಾಗಾದ್ರೆ ಅದು ಹೊಸ ಖಾತೆ ಅಲ್ವಾ ಡಾಕ್ಟ್ರೇ?” ಎನ್ನುತ್ತಾ ಇನ್ನೊಂದು ತೋಳಿನ ಅಂಗಿ ಮಡಿಚತೊಡಗಿದ.