ಬಾನೆಟ್ಟಿನಡಿಯ ಪ್ರಮಾಣ ವಿಚಾರ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು ಎಂಬುದು ತಾರ್ಕಿಕರ ಸವಕಲು ಉದಾಹರಣೆ. ಯಾವ ಬೆಟ್ಟ ಎಂದು ಮಾತ್ರ ಅವರು ಹೇಳಲಿಲ್ಲ. ಪ್ರಸ್ತುತ ಸಂಶೋಧಕನ ಮತದಲ್ಲಿ ಅದು ಚಾರ್ಮಾಡಿ ಘಾಟಿ. ಉಜಿರೆ ಕಡೆಯಿಂದ ಹತ್ತುತ್ತಿದ್ದ ನಮ್ಮ ಭಾವನ ಕಾರಿನ ಬಾನೆಟ್ಟಿನಿಂದ ಹೊಗೆ ಎದ್ದದ್ದು ಅಲ್ಲೇ. "ಬೆಂಕಿ!" ಎಂದು ಭಾವ ಕೂಗಿದರು. ಶಾಸ್ತ್ರಸಮ್ಮತವಾಗಿಯೇ ಕೂಗಿದರು; ಹೇತು ಒಂದು ತಪ್ಪಿತ್ತು, ಅಷ್ಟೆ. ಅದು ಹೊಗೆಯಲ್ಲ, ಆವಿ. ಆವಿಯನ್ನು ಹೊಗೆಯೆಂದು ಬಗೆದರೆ ಅನುಮಾನ ಕೆಡುತ್ತದೆ ಎಂದು ಹಳೆಯ ತರ್ಕಗ್ರಂಥಗಳೇ ಎಚ್ಚರಿಸಿವೆ. ಅವುಗಳ ಕರ್ತೃಗಳ ಬಳಿ ಕಾರಿರಲಿಲ್ಲ ಎಂಬ ಮಾತನ್ನು ನಾನು ಪೂರ್ತಿ ನಂಬಲಾರೆ.

ಪೂರ್ವಪಕ್ಷ ಭಾವನದು. "ರೇಡಿಯೇಟರಿಗೆ ನೀರು ಬಿಟ್ಟು ಇನ್ನೇನು ಹಾಕ್ತಾರೆ ಮಾರಾಯ? ನಮ್ಮಪ್ಪ ಅಂಬಾಸಿಡರಿಗೆ ಬಾವಿನೀರು ಹಾಕಿಯೇ ಇಪ್ಪತ್ತು ವರ್ಷ ಓಡಿಸ್ಲಿಲ್ವಾ?" ಇದು ಶಬ್ದಪ್ರಮಾಣ, ಅಂದರೆ ಹಿರಿಯರ ಮಾತು.

ಖಂಡನೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿದ ಕೂಲಂಟು ಇನ್ನು ಏಳೆಂಟು ಡಿಗ್ರಿ ತಡೆದುಕೊಳ್ಳುತ್ತದೆ. ಅದನ್ನು ಬಿಗಿ ಮುಚ್ಚಳದಡಿ ಒತ್ತಡದಲ್ಲಿಟ್ಟರೆ 120 ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಆ ಸಹನೆ ಮುಗಿಯಿತು. ಒಳಗಿನದೆಲ್ಲ ಒಂದೇ ಸಲಕ್ಕೆ ಉಕ್ಕಿ ಮುಖಕ್ಕೆ ಬರುತ್ತದೆ. ಇನ್ನು ಬೋರ್‌ವೆಲ್ ನೀರಿನ ಮಹಿಮೆ ತಿಳಿಯಬೇಕಾದವರು ಬಚ್ಚಲಮನೆಯ ಹಂಡೆಯೊಳಗೆ ಕಟ್ಟಿದ ಬಿಳಿ ಪದರವನ್ನು ಉಗುರಿನಿಂದ ಕೆರೆದು ನೋಡಬಹುದು. ರೇಡಿಯೇಟರಿನ ಕೊಳವೆಗಳು ಹಂಡೆಗಿಂತ ಬಹಳ ಸಣ್ಣವು.

ಈ ಖಂಡನೆಯನ್ನು ನಾನು ಮಂಡಿಸುವಷ್ಟರಲ್ಲಿ ಭಾವ ಹೆಗಲ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದ್ದರು. "ಭಾವ, ಮುಟ್ಟಬೇಡಿ!" ಎಂದು ರಟ್ಟೆ ಹಿಡಿದು ಎಳೆದೆ. ಸಿದ್ಧಾಂತ ಸ್ಥಾಪನೆಗೆ ಬಲಪ್ರಯೋಗ ಸಲ್ಲದು ಎಂಬ ಆಕ್ಷೇಪವನ್ನು ಆಮೇಲೆ ಕೇಳಿದರಾಯಿತು. ಒಂದು ಗಂಟೆ ಕಾದೆವು. ತಣ್ಣಗಾದ ಮೇಲೆ ನೋಡಿದರೆ ಬಿಳಿ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಮಿನ್ ಗೆರೆಯ ಕೆಳಗೆ ಒಂದು ಗುಟುಕಿನಷ್ಟು ಹಸಿರು. ಹೋಸಿನ ಕ್ಲಿಪ್ಪಿನ ಸುತ್ತ ಅದೇ ಹಸಿರು ಒಣಗಿ ಹರಳುಗಟ್ಟಿತ್ತು. ಸೋರಿಕೆ ಇಂದಿನದಲ್ಲ. ಟಾರಿನ ಮೇಲೆ ತೊಟ್ಟಿಕ್ಕಿದ್ದನ್ನು ಒಂದು ನಾಯಿ ಮೂಸಲು ಬಂತು. ಅದು ಸಿಹಿ, ಮತ್ತು ವಿಷ. ನಾಯಿಯನ್ನು ಓಡಿಸಿ, ಜಾಗಕ್ಕೆ ಮಣ್ಣು ಮುಚ್ಚಿದೆವು.

ಬಣ್ಣದ ಬಗ್ಗೆ ಒಂದು ಮಾತು. ಕೂಲಂಟಿನಲ್ಲಿ ಹಸಿರು, ಕೆಂಪು, ನೀಲಿ, ಗುಲಾಬಿ ಎಲ್ಲವೂ ಉಂಟು. ಬೇರೆ ಬೇರೆ ರಸಾಯನದವನ್ನು ಬೆರೆಸಿದರೆ ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗುತ್ತವೆ. ವರ್ಣಸಂಕರಕ್ಕೆ ಹೆದರಲು ಒಂದಾದರೂ ಸಕಾರಣ ಸಿಕ್ಕಿದ್ದು ಇಲ್ಲಿ. ಆದರೆ ಬಣ್ಣ ನೋಡಿ ಜಾತಿ ಹೇಳಲಾಗದು ಎಂಬುದೂ ಇಲ್ಲೇ ಸಿದ್ಧವಾಗಿದೆ: ಬಣ್ಣ ಕಂಪನಿಯವರ ಇಷ್ಟ. ಕಾರಿನ ಜೊತೆ ಕೊಟ್ಟ ಪುಸ್ತಕ ನೋಡಬೇಕು. ಆ ಪುಸ್ತಕ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ಕವರ್ ಸಮೇತ ಅಕ್ಷತವಾಗಿದೆ.

ಹತ್ತುವಾಗಿನ ಆವಿ ಕಣ್ಣಿಗೆ ಕಾಣುತ್ತದೆ. ಇಳಿಯುವಾಗಿನದು ಕಾಣುವುದಿಲ್ಲ, ಕಾಲಿಗೆ ತಿಳಿಯುತ್ತದೆ. ಇದು ಬ್ರೇಕ್ ಆಯಿಲ್ ಪ್ರಕರಣ. ಈ ಪದದಲ್ಲೇ ಗೊಂದಲವಿದೆ. ರೂಢಿಯಲ್ಲಿ ಆಯಿಲ್, ವಸ್ತುತಃ ಎಣ್ಣೆಯೇ ಅಲ್ಲ. ಪದವನ್ನು ನಂಬಿ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ನಿಜವಾದ ಬ್ರೇಕ್ ಆಯಿಲಿನ ಸ್ವಭಾವ ಆಷಾಢದಲ್ಲಿ ಮಲೆನಾಡಿನ ಅಡುಗೆಮನೆಯ ಉಪ್ಪಿನದು: ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಗೇರ್ ಇಳಿಸದೆ ಘಾಟಿಯುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಕಾವು ಹುಟ್ಟುವುದು ಕಷ್ಟವಲ್ಲ. ಆಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಹತ್ತಿಯ ದಿಂಬಾಗುತ್ತದೆ. ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ಕಳೆದ ವರ್ಷ ತೆರೆದು ಅರ್ಧ ಉಳಿಸಿಟ್ಟ ಡಬ್ಬಿ ಉಳಿತಾಯವಲ್ಲ.

ಮಟ್ಟ ಇಳಿದರೆ ತುಂಬಿಸಿಬಿಡುವುದು ಇನ್ನೊಂದು ಪ್ರಮಾದ. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ತಾನಾಗಿಯೇ ಇಳಿಯುತ್ತದೆ. ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡೂ ಮೆಕ್ಯಾನಿಕ್ ನೋಡಬೇಕಾದ ವಿಷಯ. ಬಾಡಿಯ ಮೇಲೆ ಚೆಲ್ಲಿದರೆ ಪೇಂಟ್ ಕಿತ್ತು ಬರುತ್ತದೆ, ತಕ್ಷಣ ಧಾರಾಳ ನೀರು ಹೊಯ್ಯಬೇಕು.

ಈ ಜ್ಞಾನದೊಂದಿಗೆ ಆಯುಧಪೂಜೆಯ ಬೆಳಿಗ್ಗೆ ಭಾವನ ಮನೆಗೆ ಹೋದೆ. ಕಾರು ಮಿಂದು, ಚೆಂಡುಹೂ ಮುಡಿದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟುಕೊಂಡು ನಿಂತಿತ್ತು. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳಕ್ಕೂ ಅರಿಶಿನ ಕುಂಕುಮ. ಒಳಗೆ ಕಸ ಬೀಳದಂತೆ ಮುಚ್ಚಳ ಒರೆಸಿಯೇ ತೆರೆಯಬೇಕೆಂಬುದು ಒಂದು ಶಾಸ್ತ್ರ. "ಇವತ್ತು ಕುಂಕುಮ ಒರೆಸ್ತೀಯೇನೋ?" ಎಂದು ಅಕ್ಕ ಇನ್ನೊಂದು ಶಾಸ್ತ್ರ ಹೇಳಿದಳು. ಶಾಸ್ತ್ರಗಳು ಹೀಗೆ ಎದುರುಬದುರಾದಾಗ ಉಳಿಯುವುದು ಪ್ರತ್ಯಕ್ಷ ಒಂದೇ. ಮುಚ್ಚಳ ಮುಟ್ಟದೆ ಡಬ್ಬಿಯ ಹಿಂದೆ ಟಾರ್ಚ್ ಹಿಡಿದೆ. ಮಟ್ಟ ಮಿನ್ ಗೆರೆಗೆ ತಾಗಿತ್ತು. ಜೇನಿನ ಬಣ್ಣ ಇರಬೇಕಾದದ್ದು ಅಜ್ಜಿಯ ಕಷಾಯದಂತಿತ್ತು. ಭಾವನೂ ಬಗ್ಗಿ ನೋಡಿದರು, ಈ ಸಲ ವಾದ ಹೂಡಲಿಲ್ಲ. ಗ್ಯಾರೇಜಿಗೆ ಫೋನ್ ಮಾಡಿದೆವು. ಅವರೂ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಜೋಡಿಸಿ ಪೂಜೆ ಮಾಡಿಟ್ಟಿದ್ದರು; ನಾಳೆಯವರೆಗೆ ಮುಟ್ಟುವಂತಿಲ್ಲ.